ಜಾಹೀರಾತಿನ ಮನೆಯಲ್ಲಿ ಯಾರ್ಯಾರಿದ್ದಾರೆ?

'ಜಾಹೀರಾತು' ಎಂಬ ಮಾತನ್ನು ನಾವೆಲ್ಲರೂ ಅಚ್ಚ ಕನ್ನಡದ್ದೆಂಬಂತೆಯೇ ಬಳಸುತ್ತೇವೆ. ಅದರ ಬೇರು ಅರಬ್ಬಿಯ 'ಜಾಹಿರ್'. ಕಣ್ಣಿಗೆ ಕಾಣುವುದು, ಬಯಲಾಗಿರುವುದು ಎಂದು ಅದರ ಅರ್ಥ. ಉರ್ದುವಿನಲ್ಲಿ ಜಾಹೀರಾತಿಗೆ ಈ ಮಾತು ಬಳಕೆಯಲ್ಲಿಲ್ಲ, ಅಲ್ಲಿ ಅದು 'ಇಶ್ತಿಹಾರ್'. ಹಿಂದಿಯಲ್ಲಿ 'ವಿಜ್ಞಾಪನ್'. ಮರಾಠಿ ಮತ್ತು ಕನ್ನಡದಂಥ ಭಾಷೆಗಳವರು 'ಜಾಹಿರ್' ಅನ್ನು ಇಟ್ಟುಕೊಂಡು ತಮ್ಮದಾಗಿಸಿಕೊಂಡರು. ಉರ್ದು, ಕನ್ನಡ ಎರಡೂ ಪಾಠಪುಸ್ತಕಗಳನ್ನು ಒಂದೇ ಚೀಲದಲ್ಲಿ ಹೊತ್ತು ಬೆಳೆದ ನಮ್ಮಂಥವರಿಗೆ 'ಜಾಹಿರ್' ಎಂದೊಡನೆ ಅದರ ಜೋಡಿ ಪದ 'ಬಾತಿನ್' ಕೂಡ ನೆನಪಾಗುತ್ತದೆ. ಒಳಗಿರುವುದು, ಮರೆಯಲ್ಲಿರುವುದು ಎಂದು ಅದರ ಅರ್ಥ. ಭಾರತದ ಟಿವಿ ಜಾಹೀರಾತಿನ ಸುಮಾರು ಐವತ್ತು ವರ್ಷಗಳ ಚರಿತ್ರೆಯನ್ನು ಈ ಎರಡು ಮಾತುಗಳನ್ನು ಕೈಯಲ್ಲಿ ಹಿಡಿದು ಓದಿದರೆ, ಸಾಬೂನು, ಚಹಾ, ಟೂತ್‌ಪೇಸ್ಟುಗಳ ಆಚೆಗೆ ಬೇರೊಂದು ಕತೆಯೂ ಕಾಣುತ್ತದೆ.

ನಮ್ಮ ದೇಶದ ಟಿವಿ ಹುಟ್ಟಿದಾಗ ಅದರಲ್ಲಿ ಜಾಹೀರಾತು ಇರಲಿಲ್ಲ. 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಆಕಾಶವಾಣಿಯ ಒಂದು ಪ್ರಯೋಗವಾಗಿ ಅದು ಶುರುವಾಯಿತು. ದಿನನಿತ್ಯದ ಪ್ರಸಾರ ಆರಂಭವಾದದ್ದು 1965ರಲ್ಲಿ, ಮುಂಬಯಿಗೆ ಟಿವಿ ಬಂದದ್ದು 1972ರಲ್ಲಿ. ಕರ್ನಾಟಕದ ಹಳ್ಳಿಗರು ಟಿವಿಯನ್ನು ಮೊದಲು ಕಂಡದ್ದು ಪೇಟೆಯವರಿಗಿಂತ ಮುಂಚೆ ಎಂದರೆ ಇಂದಿನ ಹುಡುಗರು ನಂಬಲಿಕ್ಕಿಲ್ಲ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಅಮೆರಿಕದಿಂದ ಎರವಲು ಪಡೆದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಕಾರ್ಯಕ್ರಮಗಳು ಬರುತ್ತಿದ್ದವು. 'ಸೈಟ್' ಎಂದು ಹೆಸರಾದ ಆ ಪ್ರಯೋಗಕ್ಕೆ ನಮ್ಮ ರಾಜ್ಯದಿಂದ ಆಯ್ಕೆಯಾಗಿದ್ದುದು ಅಂದಿನ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು. ಶಾಲೆಯಲ್ಲೋ ಪಂಚಾಯಿತಿ ಕಟ್ಟಡದಲ್ಲೋ ಇಟ್ಟ ಒಂದೇ ಪೆಟ್ಟಿಗೆಯ ಮುಂದೆ ಊರೆಲ್ಲ ಕೂರುತ್ತಿತ್ತು. ಬಿತ್ತನೆ, ದನಕರು, ಮಕ್ಕಳ ಆರೋಗ್ಯ, ಕುಟುಂಬ ಯೋಜನೆ ಅದರ ವಿಷಯಗಳು. ಆ ಟಿವಿಯ ಕಣ್ಣಿಗೆ ಎದುರಿಗೆ ಕೂತವನು ರೈತ, ಎದುರಿಗೆ ಕೂತವಳು ತಾಯಿ. ಗಿರಾಕಿ ಎಂಬ ಮನುಷ್ಯ ಇನ್ನೂ ಹುಟ್ಟಿರಲಿಲ್ಲ.

ಆ ಹಳ್ಳಿಗಳಲ್ಲಿ ಈ ಪ್ರಯೋಗ ನಡೆಯುತ್ತಿರುವಾಗಲೇ, ತುರ್ತುಪರಿಸ್ಥಿತಿಯ ನಡುವೆ, 1976ರ ಜನವರಿ 1ರಿಂದ ಟಿವಿಯಲ್ಲಿ ವ್ಯಾಪಾರಿ ಜಾಹೀರಾತುಗಳಿಗೆ ಅನುಮತಿ ದೊರೆಯಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಟಿವಿ ಆಕಾಶವಾಣಿಯಿಂದ ಬೇರೆಯಾಗಿ ದೂರದರ್ಶನವಾಯಿತು. ಗಿರಾಕಿಯ ಜನನ ದಾಖಲೆಯನ್ನು ನಾವು ಆ ವರ್ಷದ್ದೆಂದು ಬರೆದುಕೊಳ್ಳಬಹುದು.

ಆದರೆ ಜಾಹೀರಾತು ಮಾತಾಡಲು ಕಲಿತದ್ದು ರೇಡಿಯೋದಲ್ಲಿ. 1952ರಲ್ಲಿ ಕೇಂದ್ರದ ವಾರ್ತಾ ಸಚಿವರಾಗಿದ್ದ ಬಿ.ವಿ. ಕೇಸ್ಕರ್ ಅವರ ಕಾಲದಲ್ಲಿ ಆಕಾಶವಾಣಿ ಸಿನಿಮಾ ಹಾಡುಗಳಿಗೆ ಬಾಗಿಲು ಮುಚ್ಚಿತು. ಕೇಳುಗರು ಸಮುದ್ರದಾಚೆಯ ರೇಡಿಯೋ ಸಿಲೋನ್ ಕಡೆಗೆ ಕಿವಿ ತಿರುಗಿಸಿದರು. ಅಲ್ಲಿ ಒಂದು ಟೂತ್‌ಪೇಸ್ಟ್ ಕಂಪನಿ ಪ್ರಾಯೋಜಿಸಿದ 'ಬಿನಾಕಾ ಗೀತ್‌ಮಾಲಾ' ಕಾಯುತ್ತಿತ್ತು. ಮೊದಲು ಸೋದರಿಯರನ್ನು, ಆಮೇಲೆ ಸೋದರರನ್ನು ಕರೆಯುವ ಅಮೀನ್ ಸಯಾನಿಯವರ ದನಿ ದಶಕಗಳ ಕಾಲ ಈ ದೇಶದ ಮನೆಮನೆಯ ದನಿಯಾಯಿತು. ಅವರ ಭಾಷೆ ಶುದ್ಧ ಹಿಂದಿಯೂ ಅಲ್ಲ, ಗಟ್ಟಿ ಉರ್ದುವೂ ಅಲ್ಲ. ಎಲ್ಲರಿಗೂ ತಿಳಿಯುವ ಹಿಂದೂಸ್ತಾನಿ. ಈ ಭಾಷೆ ಅವರಿಗೆ ತಾಯಿಯಿಂದ ಬಂದದ್ದು. ತಾಯಿ ಕುಲ್ಸುಮ್ ಸಯಾನಿ ಗಾಂಧೀಜಿಯವರ ಪ್ರೇರಣೆಯಿಂದ, ಹೊಸದಾಗಿ ಅಕ್ಷರ ಕಲಿತವರಿಗಾಗಿ 'ರಹಬರ್' ಎಂಬ ಪತ್ರಿಕೆ ನಡೆಸುತ್ತಿದ್ದರು. ಅದು ನಾಗರಿ, ಉರ್ದು, ಗುಜರಾತಿ ಎಂಬ ಮೂರು ಲಿಪಿಗಳಲ್ಲಿ ಅಚ್ಚಾಗುತ್ತಿತ್ತು. ಹುಡುಗ ಅಮೀನ್ ಆ ಕೆಲಸದಲ್ಲಿ ತಾಯಿಗೆ ನೆರವಾಗುತ್ತ ಬೆಳೆದರು. 2024ರ ಫೆಬ್ರವರಿಯಲ್ಲಿ ಅವರು ತೀರಿಕೊಂಡಾಗ ಬಂದ ಬರಹಗಳೆಲ್ಲ ಆ ದನಿಯನ್ನು ಹೊಗಳಿದವು. ಅಕ್ಷರ ಕಲಿಸಲೆಂದು ಒಬ್ಬ ತಾಯಿ ಹದಮಾಡಿದ ಭಾಷೆಯೇ ಮುಂದೆ ಟೂತ್‌ಪೇಸ್ಟ್ ಮಾರಲೂ ಒದಗಿಬಂದದ್ದು ನಮಗೆ ಹೆಚ್ಚು ಮುಖ್ಯವೆನಿಸುತ್ತದೆ. ಕೊನೆಗೆ ಸರ್ಕಾರವೂ ಮಣಿಯಿತು. 1967ರಲ್ಲಿ ವಿವಿಧ ಭಾರತಿ ಜಾಹೀರಾತುಗಳನ್ನು ಪಡೆಯತೊಡಗಿತು.

ಟಿವಿ ಜಾಹೀರಾತಿಗೆ ನಿಜವಾದ ರೆಕ್ಕೆ ಮೂಡಿದ್ದು 1982ರಲ್ಲಿ, ಏಷ್ಯನ್ ಕ್ರೀಡಾಕೂಟದ ವರ್ಷ ಬಣ್ಣದ ಪ್ರಸಾರ ಬಂದ ಮೇಲೆ. 1984ರಲ್ಲಿ ದಿನಕ್ಕೊಂದರಂತೆ ಪ್ರಸಾರ ಯಂತ್ರಗಳು ಊರೂರುಗಳಲ್ಲಿ ಎದ್ದವು. ಅದೇ ವರ್ಷ ಜುಲೈ 7ರಂದು 'ಹಮ್ ಲೋಗ್' ಧಾರಾವಾಹಿ ಆರಂಭವಾಯಿತು. ಕೆಳಮಧ್ಯಮ ವರ್ಗದ ಸಂಸಾರದ ಕಷ್ಟಸುಖಗಳನ್ನು ಹೇಳಿ ಜನರಿಗೆ ಒಳ್ಳೆಯ ತಿಳಿವಳಿಕೆ ಕೊಡುವುದು ಅದರ ಉದ್ದೇಶವಾಗಿತ್ತು. ಅದಕ್ಕೆ ಹಣ ಕೊಟ್ಟದ್ದು ಆಗಷ್ಟೇ ಮಾರುಕಟ್ಟೆಗೆ ಬಂದಿದ್ದ ಮ್ಯಾಗಿ ನೂಡಲ್ಸ್. ಧಾರಾವಾಹಿ ಕೊಟ್ಟ ತಿಳಿವಳಿಕೆ ಎಷ್ಟು ಮನೆಗಳಲ್ಲಿ ಉಳಿಯಿತೋ, ನೂಡಲ್ಸ್ ಮಾತ್ರ ಉಳಿಯಿತು.

ಆ ದಿನಗಳ ದೊಡ್ಡ ಕಾಳಗ ನಡೆದದ್ದು ಬಟ್ಟೆ ಒಗೆಯುವ ಕಲ್ಲಿನ ಮೇಲೆ. ಅಹಮದಾಬಾದಿನ ಕರ್ಸನ್‌ಭಾಯಿ ಪಟೇಲ್ 1969ರಲ್ಲಿ ಮನೆಯ ಹಿತ್ತಲಲ್ಲಿ ಪುಡಿ ಕಲಸಿ, ಸೈಕಲ್ ಮೇಲೆ ಮನೆಮನೆಗೆ ಮಾರಿ ಬೆಳೆಸಿದ ನಿರ್ಮಾ, ದೊಡ್ಡ ಕಂಪನಿಯ ಸರ್ಫ್‌ಗಿಂತ ಎಷ್ಟೋ ಪಾಲು ಅಗ್ಗವಾಗಿತ್ತು. ಅದರ ಹಾಡು ಮಕ್ಕಳ ಬಾಯಲ್ಲಿ ಶಾಲೆಯ ಪದ್ಯದಂತೆ ಕೂತಿತು. ಉತ್ತರವಾಗಿ ಸರ್ಫ್ ಕಡೆಯಿಂದ ಬಂದವಳು ಲಲಿತಾಜಿ. ಅಚ್ಚುಕಟ್ಟಾಗಿ ಸೀರೆಯುಟ್ಟು, ತರಕಾರಿಯವನ ಹತ್ತಿರ ಚೌಕಾಸಿ ಮಾಡುತ್ತ, ಅಗ್ಗದ್ದು ಬೇರೆ ಒಳ್ಳೆಯದು ಬೇರೆ ಎಂದು ಖಡಕ್ಕಾಗಿ ಹೇಳುವ ಗೃಹಿಣಿ. ಆ ಪಾತ್ರ ಮಾಡಿದ ಕವಿತಾ ಚೌಧರಿ 2024ರಲ್ಲಿ ತೀರಿಕೊಂಡರು. ಆಕೆಯನ್ನು ದೇಶವೆಲ್ಲ ಮಧ್ಯಮ ವರ್ಗದ ಹಿಂದೂ ಗೃಹಿಣಿಯ ಪ್ರತಿರೂಪವೆಂದು ಒಪ್ಪಿಕೊಂಡಿತು.

ಲಲಿತಾಜಿಯನ್ನು ರೂಪಿಸಿದವರು ಲಿಂಟಾಸ್ ಸಂಸ್ಥೆಯ ಮುಖ್ಯಸ್ಥರಾಗಿದ್ದ, ರಂಗಕರ್ಮಿಯೂ ಆಗಿದ್ದ ಅಲೀಕ್ ಪದಮ್‌ಸೀ. ಅಟೆನ್‌ಬರೋ ಅವರ 'ಗಾಂಧಿ' ಚಿತ್ರದಲ್ಲಿ ಜಿನ್ನಾ ಪಾತ್ರ ಮಾಡಿದವರು ಎಂದರೆ ಹಲವರಿಗೆ ನೆನಪಾದೀತು. ಗುಜರಾತ್ ಮೂಲದ ಖೋಜಾ ಮುಸ್ಲಿಂ ಕುಟುಂಬದಲ್ಲಿ ಹುಟ್ಟಿದ ಅವರು, ಈ ಪಾತ್ರಕ್ಕೆ ತಮ್ಮ ತಾಯಿಯೇ ಮಾದರಿ ಎಂದು ಹೇಳಿಕೊಂಡಿದ್ದರು. ಮನೆಯಲ್ಲಿ ಸಿರಿವಂತಿಕೆ ಇದ್ದರೂ ತರಕಾರಿಯ ಬೆಲೆಯಲ್ಲಿ ಒಂದು ಕಾಸೂ ಬಿಡದ ತಾಯಿ. ಆಕೆಯ ಹೆಸರೂ ಕುಲ್ಸುಮ್, ಕುಲ್ಸುಮ್‌ಬಾಯಿ. ಹೀಗೆ ಒಬ್ಬ ಕುಲ್ಸುಮ್ ಈ ದೇಶದ ಜಾಹೀರಾತಿನ ನಾಲಗೆಯನ್ನು ತಿದ್ದಿದಳು, ಇನ್ನೊಬ್ಬ ಕುಲ್ಸುಮ್ ಅದರ ಅತಿ ಹೆಸರಾಂತ ಗೃಹಿಣಿಗೆ ಜೀವ ಕೊಟ್ಟಳು. ಪರದೆಯ ಮೇಲೆ ಮಾತ್ರ ಕುಲ್ಸುಮ್ ಎಂಬ ಹೆಸರಿನ ಗೃಹಿಣಿ ಬರಲಿಲ್ಲ. ಇದರಲ್ಲಿ ಯಾರದೋ ಸಂಚು ಇತ್ತೆಂದು ನಾವು ಹೇಳುತ್ತಿಲ್ಲ. 'ಸಾಮಾನ್ಯ ಭಾರತೀಯ ಮನೆ' ಎಂದೊಡನೆ ಎಲ್ಲರ ಮನಸ್ಸಿನಲ್ಲೂ ಮೂಡುತ್ತಿದ್ದ ಚಿತ್ರ ಅದೊಂದೇ ಆಗಿತ್ತು. ಆ ಚಿತ್ರದಲ್ಲಿ ದಲಿತರ ಕೇರಿ ಇರಲಿಲ್ಲ, ಕಪ್ಪು ಮೈಬಣ್ಣದ ಹೆಣ್ಣುಮಗಳು ಇರಲಿಲ್ಲ. ಇದ್ದರೂ ಕ್ರೀಮು ಹಚ್ಚಿ ಬೆಳ್ಳಗಾಗುವವರೆಗೆ ಮಾತ್ರ ಇರುತ್ತಿದ್ದಳು. ಅಂಥ ಎರಡು ಜಾಹೀರಾತುಗಳನ್ನು ಜನವಾದಿ ಮಹಿಳಾ ಸಂಘಟನೆಯ ದೂರಿನ ನಂತರ 2003ರಲ್ಲಿ ಸರ್ಕಾರ ತಡೆಯಿತು. ಕ್ರೀಮಿನ ಹೆಸರಿನಿಂದ 'ಫೇರ್' ಎಂಬ ಮಾತು ಹೋಗಲು 2020ರವರೆಗೆ ಕಾಯಬೇಕಾಯಿತು.

ಇನ್ನು ಈ ಪರದೆ ನಮ್ಮ ಮೊಹಲ್ಲಾಗಳಿಗೆ ಬಂದ ಬಗೆಯನ್ನು ನೋಡೋಣ. ಟಿವಿಯನ್ನು ಮನೆಯೊಳಗೆ ತರುವುದು ಸರಿಯೇ ಎಂಬ ಚರ್ಚೆ ಆಗ ಮಸೀದಿಯ ಜಗಲಿಯಿಂದ ಅಡುಗೆಮನೆಯವರೆಗೆ ನಡೆಯುತ್ತಿತ್ತು. ತಂದವರು ಅದಕ್ಕೊಂದು ಬಟ್ಟೆ ಹೊದಿಸಿಡುತ್ತಿದ್ದರು, ಅಜಾನ್ ಕೇಳಿದೊಡನೆ ದನಿ ತಗ್ಗಿಸುತ್ತಿದ್ದರು. ಆದರೆ ನಮ್ಮ ಹಿರಿಯರ ಆಕ್ಷೇಪಣೆಯೆಲ್ಲ ಹಾಡು-ಕುಣಿತದ ಬಗ್ಗೆ ಇತ್ತು. ನಡುವೆ ಬರುವ ಮೂವತ್ತು ಸೆಕೆಂಡಿನ ಜಾಹೀರಾತನ್ನು ಯಾರೂ ತಡೆದು ಕೇಳಲಿಲ್ಲ. ನಮ್ಮ ಮನೆಗಳನ್ನು ಹೆಚ್ಚು ಬದಲಿಸಿದ್ದು ಅದೇ. ಬೂದಿ, ಬೇವಿನ ಕಡ್ಡಿ, ಸೀಗೆಪುಡಿಗಳು ಒಂದೊಂದಾಗಿ ಹಿಂದೆ ಸರಿದವು. ಕಂಪನಿಯ ಹೆಸರೇ ವಸ್ತುವಿನ ಹೆಸರಾಯಿತು. ಅಂಗಡಿಗೆ ಹೋಗಿ "ನಿರ್ಮಾ ಸರ್ಫ್ ಕೊಡಿ" ಎಂದು ಕೇಳುವವರನ್ನು ಕಂಡು ಎರಡೂ ಕಂಪನಿಗಳ ಮಾಲೀಕರು ಏನೆನ್ನುತ್ತಿದ್ದರೋ! ತಮಿಳುನಾಡಿನ ಕಡಲೂರಿನಲ್ಲಿ 1983ರಲ್ಲಿ ಶುರುವಾದ ಚಿಕ್ ಶಾಂಪೂವಿನಂಥವು ಸಣ್ಣ ಪೊಟ್ಟಣಗಳಲ್ಲಿ ಬಂದ ಮೇಲೆ, ದಿನಗೂಲಿಯವರ ಓಣಿಯ ಅಂಗಡಿಗಳ ಮುಂದೆಯೂ ಪೊಟ್ಟಣಗಳ ಮಾಲೆ ತೂಗಿತು. ಬಾಟಲಿ ಕೊಳ್ಳಲಾಗದವನೂ ಹಬ್ಬದ ಹಿಂದಿನ ದಿನ ಒಂದು ಪೊಟ್ಟಣ ಕೊಳ್ಳಬಲ್ಲವನಾದ. ಬಡವರ ಆಸೆಗೆ ಸಿಕ್ಕ ಈ ಸಣ್ಣ ಸಮಾನತೆಯನ್ನು ನಾವು ಹಗುರವಾಗಿ ಕಾಣಬಾರದು.

ಆದರೆ ಅದೇ ಪರದೆ ನಮ್ಮ ಮದುವೆಗಳಿಗೂ ಕೈಹಾಕಿತು. ಮಹರ್ ಕೊಡಬೇಕಾದವನು ಗಂಡು. ಅದು ನಾಲ್ಕು ಕಾಸಿನ ಲೆಕ್ಕಕ್ಕೆ ಇಳಿದು, ಹೆಣ್ಣಿನ ಕಡೆಯ ಜಹೇಜ್ ಪಟ್ಟಿ ಉದ್ದವಾಗುತ್ತ ಹೋಯಿತು. ಸ್ಕೂಟರ್, ಮಿಕ್ಸಿ, ಕಲರ್ ಟಿವಿ, ವಾಷಿಂಗ್ ಮಷೀನು. ಆ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿದರೆ ಆಯಾ ವರ್ಷದ ಟಿವಿ ಜಾಹೀರಾತುಗಳನ್ನು ಓದಿದಂತೆಯೇ ಇರುತ್ತಿತ್ತು. ಇದಕ್ಕೆ ಟಿವಿಯೊಂದನ್ನೇ ದೂರಿ ಕೈತೊಳೆದುಕೊಳ್ಳುವಂತಿಲ್ಲ. ಕೇಳಿದ ಬಾಯಿ ನಮ್ಮವರದೇ.

ಜಾಹೀರಾತಿನ ಕನ್ನಡಕ್ಕೂ ಒಂದು ಚರಿತ್ರೆಯಿದೆ. 1994ರ ಜೂನ್‌ನಲ್ಲಿ ಉದಯ ಟಿವಿ ಬಂದ ಮೇಲೆ ಮುಂಬಯಿಯಲ್ಲಿ ಹಿಂದಿಯಲ್ಲಿ ತಯಾರಾದ ಜಾಹೀರಾತುಗಳು ಕನ್ನಡದ ದನಿ ಹೊತ್ತು ದಂಡಿಯಾಗಿ ಬಂದವು. ಹಿಂದಿ ತುಟಿಗೆ ಕನ್ನಡದ ಮಾತು ಹೊಂದಿಸಬೇಕಾದ ಇಕ್ಕಟ್ಟಿನಲ್ಲಿ 'ಕೇವಲ', 'ಪಡೆಯಿರಿ', 'ಒಂದು ಕೊಂಡರೆ ಒಂದು ಉಚಿತ' ಎನ್ನುವ, ಯಾವ ಊರಿನದೂ ಅಲ್ಲದ ಒಂದು ಕನ್ನಡ ಹುಟ್ಟಿತು. ಅದರಲ್ಲಿ ಧಾರವಾಡವಿಲ್ಲ, ಕುಂದಾಪುರವಿಲ್ಲ, ದಖನಿಯ ವಾಸನೆ ಹತ್ತಿದ ಕಲಬುರಗಿಯ ಕನ್ನಡವೂ ಇಲ್ಲ. ಬೇರೆ ಭಾಷೆಯ ಚಿತ್ರ-ಧಾರಾವಾಹಿಗಳನ್ನು ಕನ್ನಡಕ್ಕೆ ಡಬ್ ಮಾಡಬಾರದೆಂಬ ವಿರೋಧ ನಮ್ಮಲ್ಲಿ ಎಷ್ಟು ಗಟ್ಟಿಯಾಗಿತ್ತೆಂದರೆ, 2012ರಲ್ಲಿ ಆಮೀರ್ ಖಾನ್ ಅವರ 'ಸತ್ಯಮೇವ ಜಯತೇ' ಹಲವು ಭಾಷೆಗಳಲ್ಲಿ ಬಂದರೂ ಕನ್ನಡದಲ್ಲಿ ಬರಲಾಗಲಿಲ್ಲ. 2015ರಲ್ಲಿ ಸ್ಪರ್ಧಾ ಆಯೋಗದ ಆದೇಶ ಬಂದ ಮೇಲೆ ಆ ಗೋಡೆ ಬಿರುಕು ಬಿಟ್ಟಿತು. ಅಷ್ಟೂ ವರ್ಷ ಜಾಹೀರಾತುಗಳು ಮಾತ್ರ ನಿರಾತಂಕವಾಗಿ ಡಬ್ ಆಗಿ ಬರುತ್ತಲೇ ಇದ್ದವು. ಹೆಣ್ಣುಭ್ರೂಣ ಹತ್ಯೆಯ ಬಗ್ಗೆ ಮಾತಾಡುವ ಕಾರ್ಯಕ್ರಮಕ್ಕೆ ಕನ್ನಡದ ಬಾಗಿಲು ಮುಚ್ಚಿತ್ತು, ಸಾಬೂನಿಗೆ ತೆರೆದಿತ್ತು.

ಹಾಗಾದರೆ ಆ ಪರದೆಯ ಮೇಲೆ ಮುಸ್ಲಿಮರು ಇರಲೇ ಇಲ್ಲವೇ ಎಂದು ಓದುಗರು ಕೇಳಬಹುದು. ಇದ್ದರು. 1980ರ ದಶಕದ ಕೊನೆಯಲ್ಲಿ ತಾಜ್‌ಮಹಲಿನ ಹಿನ್ನೆಲೆಯಲ್ಲಿ ಕೂತು ತಬಲಾ ನುಡಿಸಿದ ಉಸ್ತಾದ್ ಜಾಕಿರ್ ಹುಸೇನ್, ಒಂದು ಗುಟುಕು ಚಹಾ ಕುಡಿದು 'ವಾಹ್' ಎಂದದ್ದನ್ನು ಯಾರು ಮರೆತಾರು? 2024ರ ಡಿಸೆಂಬರ್‌ನಲ್ಲಿ ಅವರು ಅಗಲಿದಾಗ ಸಂಗೀತದ ಗಂಧವಿಲ್ಲದವರೂ ಆ ಚಹಾವನ್ನು ನೆನೆದು ಕಣ್ಣೊರೆಸಿಕೊಂಡರು. ಖಾನ್ ಹೆಸರಿನ ಸಿನಿಮಾ ತಾರೆಯರು ತಂಪು ಪಾನೀಯದಿಂದ ಕಾರಿನವರೆಗೆ ಎಲ್ಲವನ್ನೂ ಮಾರಿದರು. ಉಸ್ತಾದರಾಗಿ, ತಾರೆಯರಾಗಿ, ಬಿರಿಯಾನಿಯ ಬಾಣಸಿಗರಾಗಿ, ಶಾಯರಿ ಹೇಳುವವರಾಗಿ ನಮಗೆ ಜಾಗವಿತ್ತು. ಬಾಡಿಗೆ ಕಟ್ಟಿ, ಬಟ್ಟೆ ಒಗೆದು, ಮಕ್ಕಳನ್ನು ಶಾಲೆಗೆ ಕಳಿಸುವ ಪಕ್ಕದ ಮನೆಯವರಾಗಿ ಇರಲಿಲ್ಲ. ಮೈಸೂರು, ಬೆಂಗಳೂರಿನ ಓಣಿಗಳಲ್ಲಿ ಅಗರಬತ್ತಿ ಹೊಸೆಯುವ ಹೆಂಗಸರಲ್ಲಿ ಮುಸ್ಲಿಮರು ಎಷ್ಟೋ ಮಂದಿ. ರಾಮನಗರ, ಶಿಡ್ಲಘಟ್ಟಗಳಲ್ಲಿ ಬಿಸಿನೀರಿನ ಬಾನಿಯ ಮುಂದೆ ನಿಂತು ಗೂಡಿನಿಂದ ರೇಷ್ಮೆ ನೂಲು ಬಿಚ್ಚುವವರಲ್ಲೂ ಅವರೇ ಹೆಚ್ಚು. ಊದುಬತ್ತಿಯ ಜಾಹೀರಾತಿನಲ್ಲಿ ದೇವರ ಕೋಣೆ ಕಾಣುತ್ತದೆ, ರೇಷ್ಮೆಯ ಜಾಹೀರಾತಿನಲ್ಲಿ ಮದುಮಗಳು ಕಾಣುತ್ತಾಳೆ. ಆ ಕೈಗಳು ಬಾತಿನ್‌ನಲ್ಲೇ ಉಳಿದವು.

ಒಂದು ಹಂತದಲ್ಲಿ ಬಾಗಿಲು ತೆರೆಯತೊಡಗಿತು. 2014ರಲ್ಲಿ ಬಂದ ರೆಡ್ ಲೇಬಲ್ ಚಹಾದ ಜಾಹೀರಾತಿನಲ್ಲಿ, ಬೀಗದ ಕೈ ಇಲ್ಲದೆ ಮನೆಯ ಹೊರಗುಳಿದ ಹಿಂದೂ ದಂಪತಿಯನ್ನು ಪಕ್ಕದ ಮನೆಯ ಮುಸ್ಲಿಂ ಮಹಿಳೆ ಚಹಾಕ್ಕೆ ಕರೆಯುತ್ತಾಳೆ. ಗಂಡ ಹಿಂಜರಿಯುತ್ತಾನೆ. ಕುಡಿದ ಮೇಲೆ ಇನ್ನೊಂದು ಕಪ್ ಕೇಳುತ್ತಾನೆ. ಗಂಡನ ಹಿಂಜರಿಕೆಯನ್ನು ಮುಚ್ಚಿಡದೆ ತೋರಿಸಿದ್ದು ನಮಗೆ ಆ ಜಾಹೀರಾತಿನಲ್ಲಿ ಹಿಡಿಸಿದ ಸಂಗತಿ. ಅಂಥ ಹಿಂಜರಿಕೆ ನಮ್ಮ ಕಡೆಯೂ ಇಲ್ಲದಿಲ್ಲ.

ಮರುವರ್ಷವೇ ಗಾಳಿ ತಿರುಗಿತು. 2015ರ ನವೆಂಬರ್‌ನಲ್ಲಿ ಅಸಹನೆಯ ಬಗ್ಗೆ ಆಮೀರ್ ಖಾನ್ ಆಡಿದ ಮಾತಿಗೆ, ಅವರು ರಾಯಭಾರಿಯಾಗಿದ್ದ ಸ್ನ್ಯಾಪ್‌ಡೀಲ್ ಕಂಪನಿಯನ್ನು ಜನ ಶಿಕ್ಷಿಸಿದರು. ಕಂಪನಿ ಅವರ ಕರಾರನ್ನು ಮುಂದುವರಿಸಲಿಲ್ಲ. 2019ರ ಹೋಳಿಗೆ ಮುಂಚೆ ಲಲಿತಾಜಿಯ ವಂಶದ ಸರ್ಫ್ ಎಕ್ಸೆಲ್‌ಗೆ, ಪದಮ್‌ಸೀಯವರ ಹಳೆಯ ಲಿಂಟಾಸ್ ಬಳಗವೇ ಒಂದು ಜಾಹೀರಾತು ಮಾಡಿತು. ಪುಟ್ಟ ಹುಡುಗಿಯೊಬ್ಬಳು ಸೈಕಲ್ ಮೇಲೆ ಓಣಿ ಸುತ್ತಿ ಎಲ್ಲರ ಬಣ್ಣವನ್ನೂ ತನ್ನ ಮೈಮೇಲೆ ಮುಗಿಸಿಕೊಂಡು, ಬಿಳಿ ಕುರ್ತಾದ ಗೆಳೆಯನನ್ನು ನಮಾಜಿಗೆ ಮಸೀದಿಯವರೆಗೆ ಬಿಟ್ಟುಬರುತ್ತಾಳೆ. ಅದರ ಮೇಲೆ ಸಿಟ್ಟಾದವರು ಬಹಿಷ್ಕಾರಕ್ಕೆ ಕರೆ ಕೊಟ್ಟರು. ಅವಸರದಲ್ಲಿ ಕೆಲವರು, ಹೆಸರಿನ ಹೋಲಿಕೆಯಿಂದ, ಮೈಕ್ರೋಸಾಫ್ಟ್ ಎಕ್ಸೆಲ್ ಎಂಬ ಲೆಕ್ಕದ ತಂತ್ರಾಂಶಕ್ಕೂ ಬೈಗುಳ ಬರೆದರು. 2020ರ ಅಕ್ಟೋಬರ್‌ನಲ್ಲಿ ತನಿಷ್ಕ್ ಒಡವೆಯ ಜಾಹೀರಾತಿನಲ್ಲಿ ಮುಸ್ಲಿಂ ಅತ್ತೆ ತನ್ನ ಹಿಂದೂ ಸೊಸೆಗೆ ಅವಳ ಸಂಪ್ರದಾಯದಂತೆಯೇ ಸೀಮಂತ ಮಾಡುತ್ತಾಳೆ. ಕೆಲವೇ ದಿನಗಳಲ್ಲಿ ಕಂಪನಿ ಅದನ್ನು ಹಿಂದಕ್ಕೆ ಪಡೆಯಿತು. ತನ್ನ ನೌಕರರ, ಅಂಗಡಿಯವರ ಕ್ಷೇಮದ ಮಾತನ್ನು ಅದು ಹೇಳಿತು. ಗುಜರಾತಿನ ಗಾಂಧಿಧಾಮದ ಅಂಗಡಿಯ ಬಾಗಿಲಿಗೆ ಕ್ಷಮಾಪಣೆಯ ಚೀಟಿ ಅಂಟಿಸಬೇಕಾಗಿ ಬಂತು. ತನಿಷ್ಕ್ ನಮ್ಮ ಬೆಂಗಳೂರಿನಲ್ಲೇ ಮುಖ್ಯ ಕಚೇರಿ ಇರುವ ಟೈಟನ್ ಕಂಪನಿಯದು. ಮರುವರ್ಷ ಫ್ಯಾಬ್‌ಇಂಡಿಯಾ ತನ್ನ ಬಟ್ಟೆಗಳ ಸಾಲಿಗೆ 'ಜಶ್ನ್-ಎ-ರಿವಾಜ್' ಎಂದು ಹೆಸರಿಟ್ಟಾಗ, ದೀಪಾವಳಿಗೆ ಉರ್ದು ಹೆಸರೇ ಎಂದು ಎದ್ದ ದನಿಗಳಲ್ಲಿ ಬೆಂಗಳೂರಿನ ಸಂಸದರೊಬ್ಬರದೂ ಇತ್ತು. ಆ ಜಾಹೀರಾತೂ ಮಾಯವಾಯಿತು. ರೂಢಿ-ರಿವಾಜು ಎಂದು ದಿನವೂ ಆಡುವ ಕನ್ನಡಿಗನಿಗೆ 'ರಿವಾಜ್' ಪರಕೀಯವಾದದ್ದು ಯಾವಾಗಿನಿಂದ?

ಕಂಪನಿಗಳು ಹೆದರಿದವೆಂದು ಹಳಿಯುವುದು ಸುಲಭ. ವ್ಯಾಪಾರಿ ಎಂದೂ ಸಮಾಜ ಸುಧಾರಕನಾಗಿರಲಿಲ್ಲ. ಪಕ್ಕದ ಮನೆಯ ಮುಸ್ಲಿಂ ಮಹಿಳೆಯನ್ನು ಪರದೆಗೆ ತಂದದ್ದೂ ಚಹಾ ಮಾರಲಿಕ್ಕೆ, ಸೀಮಂತದ ದೃಶ್ಯವನ್ನು ತೆಗೆದದ್ದೂ ಒಡವೆ ಮಾರಲಿಕ್ಕೆ. ಅಂಗಡಿಯ ಬಾಗಿಲಲ್ಲಿ ನಿಂತ ನೌಕರನ ಭಯವೂ ನಿಜ. ನಮಗೆ ಕಳವಳ ತರುವುದು ಬೇರೊಂದು ಸಂಗತಿ. ಟಿವಿಯಲ್ಲಿ ಆ ಒಂದು ಮನೆಯನ್ನು ಎಲ್ಲರೂ ನೋಡುತ್ತಿದ್ದರು. ಅದರೊಳಗೆ ಕುಲ್ಸುಮ್ ಇಲ್ಲದಿದ್ದರೂ ಅವಳು ಇಲ್ಲ ಎಂಬುದು ಎಲ್ಲರ ಕಣ್ಣಿಗೂ ಒಂದೇ ಸಮನೆ ಕಾಣಬಹುದಾಗಿತ್ತು, ಆ ಬಗ್ಗೆ ಜಗಳವಾದರೂ ಆಡಬಹುದಾಗಿತ್ತು. ಈಗ ಜಾಹೀರಾತು ಟಿವಿಯಿಂದ ಇಳಿದು ಮೊಬೈಲಿಗೆ ಬಂದಿದೆ. ಅದು ನಮ್ಮ ಹೆಸರು, ಊರು, ಹುಡುಕಾಟಗಳನ್ನು ನೋಡಿ ಒಬ್ಬೊಬ್ಬರಿಗೆ ಒಂದೊಂದು ಚಿತ್ರ ತೋರಿಸುತ್ತದೆ. ರಂಜಾನ್ ಬಂತೆಂದರೆ ನಮ್ಮ ಮೊಬೈಲುಗಳ ತುಂಬ ಖರ್ಜೂರ, ಅತ್ತರ್, ಶೇರ್ವಾನಿ. ಹಿಜಾಬ್ ತೊಟ್ಟ ಹುಡುಗಿಯರು ನಗುತ್ತಾರೆ, ದಸ್ತರ್‌ಖಾನ್ ಸುತ್ತ ಕುಟುಂಬ ಕೂತಿರುತ್ತದೆ. ಕೊನೆಗೂ ಜಾಹೀರಾತಿನಲ್ಲಿ ನಮ್ಮ ಮನೆ ಕಾಣುತ್ತಿದೆ ಎಂದು ಸಂತೋಷವಾಗುತ್ತದೆ. ಆದರೆ ಗೋಡೆಯಾಚೆಗಿನವರ ಮೊಬೈಲಿನಲ್ಲಿ ಆ ಮನೆ ಇರುವುದಿಲ್ಲ. ಅವರ ಯುಗಾದಿಯ ಜಾಹೀರಾತು ನಮ್ಮವರೆಗೆ ಬರುವುದಿಲ್ಲ. ಇದರಿಂದ ಯಾರಿಗೂ ಸಿಟ್ಟು ಬರುವುದಿಲ್ಲ, ಯಾರೂ ಬಹಿಷ್ಕಾರಕ್ಕೆ ಕರೆ ಕೊಡುವುದಿಲ್ಲ, ಕಂಪನಿಗೂ ನಷ್ಟವಿಲ್ಲ.

ನಮ್ಮನ್ನು ಹೀಗೆ ಬೇರೆಬೇರೆ ಕೋಣೆಗಳಲ್ಲಿ ಕೂರಿಸಲು ಯಾರೂ ಕೂಗಾಡಬೇಕಾಗಲಿಲ್ಲ. ಗುಲ್ಬರ್ಗಾದ ಹಳ್ಳಿಯಲ್ಲಿ ಒಂದೇ ಪೆಟ್ಟಿಗೆಯ ಮುಂದೆ ಕೂತಿದ್ದ ಆ ಜನರ ಕಾಲ ಮರಳಿ ಬಾರದು, ಬರಬೇಕೆಂದೂ ಇಲ್ಲ. ಆದರೆ ಸಂಜೆ ಹೊತ್ತು ಪಕ್ಕದ ಮನೆಯ ಅಕ್ಕನೋ ಭಾಭಿಯೋ ಸಿಕ್ಕಾಗ, ಅವರ ಮೊಬೈಲಿನಲ್ಲಿ ಈ ವಾರ ಏನೇನು ಮಾರಾಟಕ್ಕೆ ಬಂದಿದೆ ಎಂದು ಒಮ್ಮೆ ಕೇಳಿ ನೋಡೋಣ, ನಮ್ಮದನ್ನೂ ತೋರಿಸೋಣ. ಒಂದು ಕಪ್ ಚಹಾ ಕುಡಿಯುವಷ್ಟು ಹೊತ್ತು ಸಾಕು.